ಒಬ್ಬರೇ ಆರ್ಗನ್ ವಾದಕ, ಎರಡು ಆಲ್ಬಂ: ಯಾವುದು ಮೊದಲು?

ಆರ್ಗನ್, ಗಿಟಾರ್, ಡ್ರಮ್ಸ್. ಈ ಮೂರರ ಜಾಝ್‌ಗೆ ಹೊಸಬರಾದವರಿಗೆ ನಾನು ಎರಡು ಆಲ್ಬಂ ಹೇಳುತ್ತೇನೆ. ಗಿಟಾರ್ ವಾದಕ ಗ್ರ್ಯಾಂಟ್ ಗ್ರೀನ್ ಅವರ ‘ಟಾಕಿನ್ ಅಬೌಟ್’ 1964ರಲ್ಲಿ ರೆಕಾರ್ಡ್ ಆದದ್ದು. ಡ್ರಮ್ಸ್ ವಾದಕ ಟೋನಿ ವಿಲಿಯಮ್ಸ್ ಅವರ ಲೈಫ್‌ಟೈಮ್ ತಂಡದ ‘ಎಮರ್ಜೆನ್ಸಿ’ 1969ರದ್ದು. ಎರಡರಲ್ಲೂ ಆರ್ಗನ್ ನುಡಿಸಿದವರು ಲ್ಯಾರಿ ಯಂಗ್. ಐದೇ ವರ್ಷದಲ್ಲಿ ಎಷ್ಟು ದೂರ ಹೋಗಿದ್ದಾರೆ ನೋಡಿ!

ಮೊದಲನೆಯದು ಕಿವಿಗೆ ಹಿತ. ಗಿಟಾರ್ ಸ್ವರಗಳು ಮಣಿ ಪೋಣಿಸಿದ ಹಾಗೆ ಒಂದೊಂದಾಗಿ ಬರುತ್ತವೆ. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಕೆಳಗೆ ಉರುಳುತ್ತಲೇ ಇರುತ್ತದೆ. ಪ್ರಯೋಗ ಸಾಲದು ಎನ್ನುವವರೂ ಇದ್ದಾರೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ಗೆ ಅರ್ಪಿಸಿದ ಮೊದಲ ಹಾಡನ್ನೇ ಅವರು ಇನ್ನೊಮ್ಮೆ ಕೇಳಬೇಕು.

‘ಎಮರ್ಜೆನ್ಸಿ’ ಬಗ್ಗೆ ಮಾತ್ರ ಕೇಳುಗರಲ್ಲಿ ಒಮ್ಮತವೇ ಇಲ್ಲ. ಡಬಲ್ ಆಲ್ಬಂ, ಬಲು ಜೋರು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್ ರಾಕ್‌ನಂತೆ ಕೆರಳುತ್ತದೆ. ಆಗ ವಿಲಿಯಮ್ಸ್‌ಗೆ ಬರೀ 23 ವರ್ಷ. ದೂರುಗಳು ಮುಖ್ಯವಾಗಿ ಎರಡು: ಸದ್ದು ಒಡೆದಂತಿದೆ, ವಿಲಿಯಮ್ಸ್ ಹಾಡಬಾರದಿತ್ತು. ಎರಡನೆಯದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಒಡಕು ಸದ್ದು ಇಲ್ಲದಿದ್ದರೆ ಈ ಸಂಗೀತದ ಬಿಸಿಯೇ ಹೋಗಿಬಿಡುತ್ತಿತ್ತು, ಅಲ್ವಾ? ಆರ್ಗನ್ ಇಲ್ಲಿ ಹಿಂದೆ ಕೂತು ಸುಮ್ನೆ ತಾಳ ಹಾಕುವುದಿಲ್ಲ. ಮೋಡದಂತೆ ಕವಿಯುತ್ತದೆ, ಮಧ್ಯೆ ಗುಡುಗುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ರಾಕ್ ಕೇಳಿ ಬೆಳೆದವರು ನೇರ ‘ಎಮರ್ಜೆನ್ಸಿ’ ಹಾಕಿ. ಉಳಿದವರು ಗ್ರೀನ್ ಅವರಿಂದ ಶುರು ಮಾಡಿ, ಯಂಗ್ ಅವರ ಕೈ ಪರಿಚಯವಾದ ಮೇಲೆ ಇದಕ್ಕೆ ಬನ್ನಿ. ಒಂದೇ ಸಲಕ್ಕೆ ಪೂರ್ತಿ ಬೇಡ, ದಿನಕ್ಕೊಂದು ಹಾಡು ಸಾಕು.