ಜೆರಾಕ್ಸ್ ಅಂಗಡಿಯ ಕೌಂಟರಿಗೆ ಕನ್ನಡದ ಬಟನ್‌ಗಳು: ಯಾಡ್ ತಂತ್ರಾಂಶದ ವಿಮರ್ಶೆ

ದಾವಣಗೆರೆಯಲ್ಲಿ ಕಾಲೇಜುಗಳ ಅಕ್ಕಪಕ್ಕ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿಕೊಂಡಿರುವ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವುದು ಹೆಚ್ಚುಕಡಿಮೆ ಅವೇ ಕೆಲಸಗಳು. ಫೋಟೋದ ಗಾತ್ರ ಇಳಿಸುವುದು, ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡುವುದು, ನಿಂತುಹೋದ ಪ್ರಿಂಟರನ್ನು ಮತ್ತೆ ಓಡಿಸುವುದು, ಇಂಥವು. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಇವಕ್ಕೆಲ್ಲ ಒಂದೊಂದು ಸಾಲಿನ ಕಮಾಂಡ್, ಅಂದರೆ ಟೈಪ್ ಮಾಡಿ ಕೊಡುವ ಆದೇಶ, ಇದೆ. ಆದರೆ ಕಮಾಂಡ್ ಬಲ್ಲವರು ಒಬ್ಬರು, ಕೌಂಟರಿನಲ್ಲಿ ಕೂರುವವರು ಇನ್ನೊಬ್ಬರು; ಬಲ್ಲವರು ಊಟಕ್ಕೆ ಹೋದರೆ ಗಿರಾಕಿ ಕಾಯಬೇಕು. ಈ ಕೊರತೆಯನ್ನು ನೀಗಿಸಲು ನಮ್ಮ ಅಂಗಡಿಯಲ್ಲಿ ಬಳಸುತ್ತಿರುವ ಯಾಡ್ ಎಂಬ ತಂತ್ರಾಂಶದ ಬಗ್ಗೆ, ಇಂಥದೇ ಅಂಗಡಿ ನಡೆಸುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಯಾಡ್ ಉಚಿತ, ಮುಕ್ತ ತಂತ್ರಾಂಶ. ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಗ್ನೋಮ್ ಬಳಗದ ಝೆನಿಟಿ ಎಂಬ ತಂತ್ರಾಂಶವನ್ನು ಆಧಾರವಾಗಿ ಇಟ್ಟುಕೊಂಡು ವಿಕ್ಟರ್ ಅನಾನ್ಯೆವ್‌ಸ್ಕಿ ಎಂಬವರು ಇದನ್ನು ಬೆಳೆಸಿದರು. ಲಿನಕ್ಸಿನ ಬಗೆಗಳಾದ ಡೆಬಿಯನ್, ಉಬುಂಟು, ಮಿಂಟ್ ಮೂರರಲ್ಲೂ ಸಾಮಾನ್ಯ ಪ್ಯಾಕೇಜಾಗಿಯೇ ಸಿಗುತ್ತದೆ. ಶೆಲ್ ಸ್ಕ್ರಿಪ್ಟಿನೊಳಗೆ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲಿನೊಳಗೆ) ಒಂದು ಸಾಲು ಬರೆದರೆ ಪರದೆಯ ಮೇಲೆ ಕಿಟಕಿ ತೆರೆದು, ಅದರಲ್ಲಿ ನಾವು ಹೇಳಿದ ಬಟನ್‌ಗಳನ್ನು ಜೋಡಿಸಿ, ಒತ್ತಿದಾಗ ನಾವು ಕೊಟ್ಟ ಕಮಾಂಡನ್ನು ನಡೆಸುವುದು ಇದರ ಕೆಲಸ. ಫಾರ್ಮ್ ಬಗೆಯ ಕಿಟಕಿಯಲ್ಲಿ ಪ್ರತಿ ಬಟನ್ನಿಗೂ ಹೆಸರು, ಚಿತ್ರ, ಮೌಸ್ ಇಟ್ಟಾಗ ಕಾಣುವ ಸಣ್ಣ ವಿವರಣೆ ಮೂರನ್ನೂ ಕೊಡಬಹುದು; ಎಷ್ಟು ಕಾಲಮ್ ಬೇಕೆಂದೂ ಹೇಳಬಹುದು. ಒತ್ತಿದ ಮೇಲೆ ಕಿಟಕಿ ಮುಚ್ಚಿಕೊಳ್ಳದೆ ಅಲ್ಲೇ ಉಳಿಯುತ್ತದೆ. ಇಡೀ ದಿನ ತೆರೆದಿಡಬೇಕಾದ ಮೆನುವಿಗೆ ಇದು ಬಹಳ ಮುಖ್ಯ. ಝೆನಿಟಿಯಲ್ಲಿ ಹೆಚ್ಚುವರಿ ಬಟನ್ ಸೇರಿಸಬಹುದಾದರೂ ಒತ್ತಿದೊಡನೆ ಕಿಟಕಿ ಮುಚ್ಚಿ, ಆ ಬಟನ್ನಿನ ಹೆಸರನ್ನಷ್ಟೇ ಸ್ಕ್ರಿಪ್ಟಿಗೆ ತಿಳಿಸುತ್ತದೆ. ಮುಂದಿನದನ್ನೆಲ್ಲ ನಾವೇ ಬರೆದುಕೊಳ್ಳಬೇಕು.

ನಮ್ಮಲ್ಲಿ ಅತಿ ಹೆಚ್ಚು ಒತ್ತಿಸಿಕೊಳ್ಳುವುದು ಫೋಟೋದ ಬಟನ್. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆಬಿ ಒಳಗೆ, ಸಹಿ 10ರಿಂದ 20 ಕೆಬಿ ಒಳಗೆ ಇರಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ಎಷ್ಟೋ ಎಂಬಿ ಇರುತ್ತದೆ. ಈ ಬಟನ್ ಒತ್ತಿದರೆ ತೆರೆಯುವ ಇನ್ನೊಂದು ಪುಟ್ಟ ಕಿಟಕಿಯೂ ಯಾಡ್‌ನದೇ: ಮೇಲೆ ಫೈಲ್ ಆರಿಸುವ ಜಾಗ, ಅದರ ಕೆಳಗೆ 20, 50, 100 ಕೆಬಿ ಎಂಬ ಆಯ್ಕೆಗಳ ಪಟ್ಟಿ, ಕೊನೆಗೆ "ಚಿಕ್ಕದು ಮಾಡು" ಎಂಬ ಬಟನ್. ಕಮಾಂಡಿನಲ್ಲಿ ಶೇಕಡಾ ಚಿಹ್ನೆಯ ಪಕ್ಕ 1, 2 ಎಂದು ಬರೆದರೆ ಆ ಜಾಗಕ್ಕೆ ಮೊದಲನೆಯ, ಎರಡನೆಯ ಖಾನೆಯಲ್ಲಿ ತುಂಬಿದ್ದು ತಾನಾಗಿ ಬಂದು ಕೂರುತ್ತದೆ. ಮುಂದಿನ ಕೆಲಸ ಚಿತ್ರಗಳನ್ನು ಕಮಾಂಡಿನಿಂದಲೇ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ್ದು. ಜೆಪೆಗ್ ಫೈಲ್ ಇಷ್ಟು ಕೆಬಿ ಮೀರಬಾರದು ಎಂದು ಅದಕ್ಕೆ ನೇರವಾಗಿಯೇ ಹೇಳಬಹುದು. ಆದರೆ ಅದು ನೋಡುವುದು ಮೇಲಿನ ಮಿತಿಯನ್ನು ಮಾತ್ರ. ಸಹಿಯಂಥ ಚಿಕ್ಕ ಚಿತ್ರ 10 ಕೆಬಿಗಿಂತ ಕೆಳಗಿಳಿದರೆ ಅರ್ಜಿಯ ಪುಟ ಅದನ್ನೂ ಒಪ್ಪುವುದಿಲ್ಲ. ಆದ್ದರಿಂದ ಕೊನೆಯಲ್ಲಿ ಫೈಲಿನ ಗಾತ್ರ ಅಳೆದು ಪರದೆಯ ಮೇಲೆ ತೋರಿಸುವ ಒಂದು ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಿಕೊಳ್ಳುವುದು ಅಗತ್ಯ.

ಪ್ರಿಂಟರಿನ ಬಟನ್ ಇನ್ನೂ ಸರಳ. ಕಾಗದ ಸಿಕ್ಕಿಕೊಂಡಾಗ, ಲಿನಕ್ಸಿನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ವ್ಯವಸ್ಥೆ ಕೆಲವೊಮ್ಮೆ ಪ್ರಿಂಟರನ್ನೇ ನಿಲ್ಲಿಸಿಬಿಡುತ್ತದೆ; ಕಾಗದ ತೆಗೆದರೂ ಅದು ತಾನಾಗಿ ಓಡುವುದಿಲ್ಲ. ಕ್ಯೂ ಖಾಲಿ ಮಾಡುವ ಕಮಾಂಡ್ ಒಂದು, ಪ್ರಿಂಟರನ್ನು ಮತ್ತೆ ಚಾಲೂ ಮಾಡುವ ಕಮಾಂಡ್ ಇನ್ನೊಂದು, ಎರಡನ್ನೂ ಒಂದೇ ಬಟನ್ನಿಗೆ ಕಟ್ಟಿದರೆ ಸಾಕು. ಕ್ಯೂ ಖಾಲಿಯಾದರೆ ಬೇರೆ ಗಿರಾಕಿಯ ಪ್ರಿಂಟೂ ಹೋಗುತ್ತದೆ, ಹಾಗಾಗಿ "ಎಲ್ಲ ಅಳಿಸಲೇ?" ಎಂದು ಒಮ್ಮೆ ಕೇಳುವ ಕಿಟಕಿಯನ್ನು ನಡುವೆ ಇಡಲೇಬೇಕು.

ಕನ್ನಡದ ವಿಷಯದಲ್ಲಿ ಯಾಡ್ ನನಗೆ ಪೂರ್ತಿ ಸಮಾಧಾನ ಕೊಟ್ಟಿದೆ. ಬಟನ್‌ಗಳ ಮೇಲೆ ಒತ್ತಕ್ಷರ, ದೀರ್ಘ ಯಾವುದೂ ಒಡೆಯದೆ ಅಚ್ಚುಕಟ್ಟಾಗಿ ಮೂಡುತ್ತವೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸವನ್ನು ಅದು ಕಿಟಕಿ, ಅಕ್ಷರಗಳನ್ನು ಮೂಡಿಸುವ ಜಿಟಿಕೆ ಮತ್ತು ಪ್ಯಾಂಗೊ ಎಂಬ ಸಿದ್ಧ ತಂತ್ರಾಂಶಗಳಿಗೆ ಒಪ್ಪಿಸುತ್ತದೆ. ಆದರೆ ಡಿಟಿಪಿ ಮಾಡುವವರು ಒಂದನ್ನು ಗಮನಿಸಬೇಕು. ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಹೊಡೆದ ಹೆಸರನ್ನು ತಂದು ಹಾಕಿದರೆ ಬಟನ್ ಮೇಲೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ, ಯೂನಿಕೋಡ್ ಆಗಿರಲೇಬೇಕು. ನುಡಿಯಲ್ಲಿ ಬಳಸುವ ಕಗಪ ಎಂಬ ಕೀಲಿ ಜೋಡಣೆ ಲಿನಕ್ಸಿನ ಭಾಷಾ ಪಟ್ಟಿಯಲ್ಲೇ ಇರುವುದರಿಂದ ನುಡಿಯಲ್ಲಿ ಪಳಗಿದ ಕೈಗೆ ಇದೇನೂ ಕಷ್ಟವಲ್ಲ. "ಪಿಡಿಎಫ್ ಸೇರಿಸು", "ಕ್ಯೂ ಖಾಲಿ ಮಾಡು" ಎಂದು ಕೌಂಟರಿನಲ್ಲಿ ಆಡುವ ಮಾತನ್ನೇ ಬಟನ್ ಮೇಲೆ ಬರೆದ ಮೇಲೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಕೂಡ ಯಾರನ್ನೂ ಕೇಳದೆ ಕೆಲಸ ಮುಗಿಸುತ್ತಾನೆ. ಈ ತಂತ್ರಾಂಶವನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕಾಗಿ.

ಕೊರತೆಗಳಲ್ಲಿ ದೊಡ್ಡದು ಅದರ ಮೌನ. ಬಟನ್ ಒತ್ತಿದ ಮೇಲೆ ಕಮಾಂಡ್ ಶುರುವಾಯಿತೋ, ಮುಗಿಯಿತೋ, ಕೆಟ್ಟಿತೋ ಎಂಬುದನ್ನು ಯಾಡ್ ತಾನಾಗಿ ಹೇಳುವುದಿಲ್ಲ. ಐವತ್ತು ಪುಟದ ಪಿಡಿಎಫ್ ಕುಗ್ಗಿಸಲು ಹೊತ್ತು ಹಿಡಿಯುತ್ತದೆ. ಏನೂ ಕಾಣದಿದ್ದಾಗ ಯಾರಾದರೂ ಮತ್ತೊಮ್ಮೆ ಒತ್ತುತ್ತಾರೆ, ಅದೇ ಕೆಲಸ ಎರಡು ಸಲ ಓಡುತ್ತದೆ, ಎರಡೂ ಒಂದೇ ಫೈಲಿನ ಮೇಲೆ ಬರೆಯಲು ಹೊರಡುತ್ತವೆ. ಪರಿಹಾರ ನಮ್ಮ ಕೈಯಲ್ಲೇ ಇದೆ: ಆರಂಭದಲ್ಲೂ ಕೊನೆಯಲ್ಲೂ ನೋಟಿಫೈ-ಸೆಂಡ್ ಎಂಬ ಕಮಾಂಡಿನ ಮೂಲಕ ಒಂದು ಸೂಚನೆ ತೋರಿಸಬೇಕು, ಒಂದು ಮುಗಿಯುವವರೆಗೆ ಇನ್ನೊಂದು ಶುರುವಾಗದಂತೆ ಎಫ್‌ಲಾಕ್ ಕಮಾಂಡಿನಿಂದ ಬೀಗ ಹಾಕಬೇಕು. ಆದರೂ ಇಷ್ಟು ಬೇಕೇಬೇಕಾದ ಸೌಲಭ್ಯವನ್ನು ಪ್ರತಿಯೊಬ್ಬರೂ ತಾವೇ ಕಟ್ಟಿಕೊಳ್ಳಬೇಕಾಗಿರುವುದು ಸರಿಯಲ್ಲ.

ಬರೆಯುವವರನ್ನು ಕಾಡುವ ತೊಡಕುಗಳೂ ಇವೆ. ಬಟನ್ನಿಗೆ ಕೊಟ್ಟ ಕಮಾಂಡನ್ನು ಯಾಡ್ ಸಾಮಾನ್ಯವಾಗಿ ಶೆಲ್ಲಿನ (ಕಮಾಂಡುಗಳನ್ನು ಓದಿ ನಡೆಸುವ ತಂತ್ರಾಂಶದ) ಮೂಲಕ ನಡೆಸುವುದಿಲ್ಲ, ನೇರವಾಗಿ ನಡೆಸುತ್ತದೆ. ಹಾಗಾಗಿ ಒಂದು ಕಮಾಂಡಿನ ಫಲವನ್ನು ಇನ್ನೊಂದಕ್ಕೆ ಹಾಯಿಸುವ ಪೈಪ್ ಚಿಹ್ನೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಸರಿಯಾಗಿ ಕೆಲಸ ಮಾಡಿದರೂ ಬಟನ್ನಿನಲ್ಲಿ ಮಾಡುವುದಿಲ್ಲ; ಬ್ಯಾಶ್ ಎಂಬ ಶೆಲ್ಲಿನ ಮೂಲಕ ನಡೆಸು ಎಂದು ಬಿಡಿಸಿ ಹೇಳಬೇಕು. ಆಶ್ಚರ್ಯಸೂಚಕ ಚಿಹ್ನೆಯನ್ನು ಅದು ಹೆಸರು, ಚಿತ್ರ, ವಿವರಣೆಗಳನ್ನು ಬೇರ್ಪಡಿಸಲು ಬಳಸುವುದರಿಂದ ಆ ಚಿಹ್ನೆ ಹೆಸರಿನಲ್ಲಿ ಬಂದರೆ ಹೆಸರು ಅಲ್ಲಿಗೇ ತುಂಡಾಗುತ್ತದೆ. ಉದ್ದನೆಯ ಕಮಾಂಡುಗಳನ್ನು ಮೆನುವಿನಲ್ಲೇ ತುರುಕುವ ಬದಲು ಒಂದೊಂದನ್ನೂ ಬೇರೆ ಸ್ಕ್ರಿಪ್ಟ್ ಮಾಡಿ ಒಂದು ಫೋಲ್ಡರಿನಲ್ಲಿಟ್ಟು, ಬಟನ್ನಿನಿಂದ ಅದರ ಹೆಸರನ್ನಷ್ಟೇ ಕರೆಯುವುದು ಒಳ್ಳೆಯದು. ಹೀಗೆ ಮಾಡಿದರೆ ಈ ತೊಡಕುಗಳಲ್ಲಿ ಬಹುಪಾಲು ಹತ್ತಿರ ಸುಳಿಯುವುದಿಲ್ಲ.

ಡೆಸ್ಕ್‌ಟಾಪ್ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ, ಪರದೆಗೆ ಕಿಟಕಿಗಳನ್ನು ತರುವ ಹಳೆಯ ವ್ಯವಸ್ಥೆ ಎಕ್ಸ್ 11 ಮೇಲೆ, ಮೆನುವನ್ನು ಪರದೆಯ ಮೂಲೆಯಲ್ಲಿ ನಿಲ್ಲಿಸಿ ಸದಾ ಎಲ್ಲಕ್ಕಿಂತ ಮೇಲೆ ಕಾಣುವಂತೆ ಮಾಡಬಹುದು. ಗ್ನೋಮ್‌ನಲ್ಲಿ, ಅದೇ ಕೆಲಸದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಮೇಲೆ, ಕಿಟಕಿ ಎಲ್ಲಿ ನಿಲ್ಲಬೇಕೆಂಬ ಯಾಡ್‌ನ ಮಾತು ನಡೆಯುವುದಿಲ್ಲ. ಗಡಿಯಾರದ ಪಕ್ಕ ಚಿಕ್ಕ ಚಿತ್ರವಾಗಿ ಕುಳಿತು ಒತ್ತಿದಾಗ ಮೆನು ಬಿಚ್ಚುವ ಸೊಗಸಾದ ಬಗೆಯೊಂದು ಯಾಡ್‌ನಲ್ಲಿದೆ. ಅದಕ್ಕೆ ಬೇಕಾದ ಹಳೆಯ ಟ್ರೇಯನ್ನು ಗ್ನೋಮ್ 2017ರಲ್ಲೇ ಕೈಬಿಟ್ಟಿತು. ಹಳೆಯ ಕಂಪ್ಯೂಟರುಗಳೇ ಹೆಚ್ಚಿರುವ ನಮ್ಮಂಥ ಅಂಗಡಿಗಳಿಗೆ ಎಕ್ಸ್‌ಎಫ್‌ಸಿಇಯೇ ಹೊಂದುವುದರಿಂದ ಇದು ಅಷ್ಟಾಗಿ ಬಾಧಿಸುವುದಿಲ್ಲ.

ಮೂರು ನಾಲ್ಕು ಕಮಾಂಡ್ ಸಾಕೆನ್ನುವವರಿಗೆ ಯಾಡ್ ಬೇಕಿಲ್ಲ. ಎಕ್ಸ್‌ಎಫ್‌ಸಿಇ ಪ್ಯಾನೆಲ್ಲಿನ ಲಾಂಚರಿನಲ್ಲೇ ಅಷ್ಟನ್ನೂ ಪಟ್ಟಿಯಾಗಿ ಇಡಬಹುದು. ಕೀಬೋರ್ಡಿನಲ್ಲೇ ಎಲ್ಲ ಮಾಡುವವರಿಗೆ ಡಿಮೆನು, ರೋಫಿ ಎಂಬ ಮೆನು ತಂತ್ರಾಂಶಗಳು ವೇಗವಾಗಿವೆ, ಆದರೆ ಅವು ಗಿರಾಕಿಯೊಡನೆ ಮಾತಾಡುತ್ತ ಒಂದು ಕೈಯಲ್ಲಿ ಮೌಸ್ ಹಿಡಿದವರಿಗಲ್ಲ. ಫೈಲ್ ಆರಿಸಬೇಕು, ಗಾತ್ರ ಹೇಳಬೇಕು, ಆಮೇಲೆ ಒತ್ತಬೇಕು ಎಂಬಂಥ ಕೆಲಸ ಇರುವಲ್ಲಿ ಯಾಡ್‌ನ ಸಮಕ್ಕೆ ನಿಲ್ಲುವುದನ್ನು ನಾನು ಕಂಡಿಲ್ಲ.

ಹಾಕಿಕೊಳ್ಳುವವರಿಗೆ ಒಂದು ಮಾತು. ಪಾಸ್‌ವರ್ಡ್ ಕೇಳದೆ ಆಡಳಿತದ ಅಧಿಕಾರದಲ್ಲಿ ಓಡುವ ಕಮಾಂಡನ್ನು ಯಾವ ಬಟನ್ನಿಗೂ ಕಟ್ಟಬೇಡಿ. ಪ್ರಿಂಟರಿನ ಕೆಲಸಕ್ಕೆ ಕೌಂಟರಿನ ಖಾತೆಯನ್ನು ಪ್ರಿಂಟರ್ ನಿರ್ವಹಿಸುವ ಹಕ್ಕಿರುವ ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿದರೆ ಸಾಕಾಗುತ್ತದೆ. ಸ್ಕ್ರಿಪ್ಟುಗಳ ಫೋಲ್ಡರನ್ನು ಕೌಂಟರಿನ ಖಾತೆಯವರು ಓದಲು, ನಡೆಸಲು ಮಾತ್ರ ಬಿಟ್ಟು, ತಿದ್ದುವ ಹಕ್ಕನ್ನು ಬರೆದವರ ಬಳಿಯೇ ಇರಿಸಿಕೊಳ್ಳಿ.