ಗ್ರಾನೈಟ್‌ಗೆ ಯಾವ ಬಿಟ್? ಮೂರನ್ನೂ ಹಾಕಿ ನೋಡಿದೆ

ಉಳಿದಿದ್ದ ಗ್ರಾನೈಟ್ ಚಪ್ಪಡಿ ಒಂದು, 20 ಮಿ.ಮೀ. ದಪ್ಪದ್ದು. ಅದರ ಜೊತೆಗೆ ದಪ್ಪನೆಯ ಒರಟು ಗ್ರಾನೈಟ್ ದಿಮ್ಮಿ ಇನ್ನೊಂದು. ಎರಡಕ್ಕೂ ಮೂರು ಥರದ ಬಿಟ್‌ಗಳಲ್ಲಿ (ಡ್ರಿಲ್‌ನ ತುದಿಗೆ ಹಾಕುವ ಕೊರೆಯುವ ಕಡ್ಡಿಗಳು) 8 ಮಿ.ಮೀ. ತೂತು ಕೊರೆದು ನೋಡಿದೆ.

ಮೊದಲು ಗೋಡೆ ಕೊರೆಯುವ ಮಾಮೂಲಿ ಮೇಸನ್ರಿ ಬಿಟ್, ತಿರುಗುತ್ತಲೇ ಬಡಿಯುವ ಮಾಮೂಲಿ ಹ್ಯಾಮರ್ ಡ್ರಿಲ್. ಇಟ್ಟಿಗೆ ಗೋಡೆಗೆ ಇದು ಸಾಕು. ಗ್ರಾನೈಟ್‌ನಲ್ಲಿ ಒಂದಿಷ್ಟು ಒಳಗೆ ಹೋಗಿ ನಿಂತೇಬಿಟ್ಟಿತು. ಜೋರಾಗಿ ಒತ್ತಿದೆ, ತುದಿ ನೀಲಿಗಟ್ಟಿತು. ತೆಗೆದು ನೋಡಿದರೆ ಅಂಚು ಉರುಟಾಗಿತ್ತು. ಬಿಟ್ ಮೆತ್ತಗಿದೆ ಅಂತ ಅಲ್ಲ. ಗ್ರಾನೈಟ್‌ನೊಳಗಿನ ಕ್ವಾರ್ಟ್ಜ್ ಖನಿಜದ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10, ಹೆಚ್ಚಿದ್ದಷ್ಟೂ ಗಡಸು) 7, ಬಿಟ್‌ನ ತುದಿಗೆ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡ್‌ದು ಸುಮಾರು 9. ಕೊರತೆ ಇರುವುದು ಪೆಟ್ಟಿನಲ್ಲಿ. ಈ ಡ್ರಿಲ್‌ನೊಳಗೆ ಹಲ್ಲಿನ ಎರಡು ಬಿಲ್ಲೆಗಳು ಒಂದರ ಮೇಲೊಂದು ಕಟಕಟ ಅಂತ ಜಾರುತ್ತವೆ, ಅಷ್ಟೇ. ಪೆಟ್ಟು ಸಾವಿರಾರು ಬೀಳುತ್ತವೆ, ಆದರೆ ಒಂದರಲ್ಲೂ ತೂಕ ಇಲ್ಲ. ಕಲ್ಲು ಒಡೆಯುವುದಿಲ್ಲ, ಉಜ್ಜಾಟದ ಬಿಸಿ ಮಾತ್ರ ಏರುತ್ತದೆ.

ಆಮೇಲೆ ರೋಟರಿ ಹ್ಯಾಮರ್‌ಗೆ, ಅಂದರೆ ಇನ್ನೂ ಜೋರಾಗಿ ಬಡಿಯುವ ಡ್ರಿಲ್‌ಗೆ, ಅದಕ್ಕೆಂದೇ ಬರುವ ಎಸ್‌ಡಿಎಸ್ ಪ್ಲಸ್ ಬಿಟ್ ಹಾಕಿದೆ. ಇದರಲ್ಲೂ ತುದಿ ಕಾರ್ಬೈಡೇ. ಆದರೆ ಬಿಟ್ಟನ್ನು ಚಕ್ (ಬಿಟ್ ಕೂರುವ ಡ್ರಿಲ್‌ನ ಬಾಯಿ) ಬಿಗಿಯಾಗಿ ಹಿಡಿಯುವುದಿಲ್ಲ, ಹಿಂದೆಮುಂದೆ ಸ್ವಲ್ಪ ಆಡಲು ಬಿಡುತ್ತದೆ. ಒಳಗಿನ ಪಿಸ್ಟನ್ ಗಾಳಿಯ ಒತ್ತಡದಿಂದ ಹೊಡೆಯುವ ಪೆಟ್ಟು ನೇರ ಬಿಟ್‌ಗೇ ಬೀಳುತ್ತದೆ. ದಿಮ್ಮಿಗೆ ಇಟ್ಟ ಕೂಡಲೇ ವ್ಯತ್ಯಾಸ ಗೊತ್ತಾಯಿತು. ಒತ್ತುವ ಕೆಲಸವೇ ಇಲ್ಲ, ನೆಟ್ಟಗೆ ಹಿಡಿದುಕೊಂಡರೆ ಸಾಕು. ಆಗಾಗ ಬಿಟ್ಟನ್ನು ಹೊರಗೆಳೆದು ಪುಡಿ ಉದುರಿಸಬೇಕು. ನೀರು ಹಾಕಬಾರದು, ಪುಡಿ ಕೆಸರಾಗಿ ಬಿಟ್‌ನ ಸುರುಳಿಯಲ್ಲಿ ಕಟ್ಟಿಕೊಳ್ಳುತ್ತದೆ. ಈ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವಂಥದ್ದಲ್ಲ. ದಯವಿಟ್ಟು ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಬಾಯಿಗೆ ಬಟ್ಟೆ ಕಟ್ಟಿದರೆ ಸಾಲದು.

ಅದೇ ಬಿಟ್ಟನ್ನು ಚಪ್ಪಡಿಗೆ ಇಟ್ಟೆ. ಮುಂದಿನಿಂದ ಚೆಂದವಾಗೇ ಇತ್ತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ನಾಣ್ಯಕ್ಕಿಂತ ಅಗಲದ ಚಕ್ಕೆ ಎದ್ದುಹೋಗಿತ್ತು. ಪಾಲಿಶ್ ಮಾಡಿದ ಕಲ್ಲಿನಲ್ಲಿ ಹೀಗಾದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಚಪ್ಪಡಿಗೆ ನನ್ನ ಆಯ್ಕೆ ಡೈಮಂಡ್ ಕೋರ್ ಬಿಟ್. ಇದಕ್ಕೆ ಮೊನೆಯೇ ಇಲ್ಲ. ಒಂದು ಕೊಳವೆ, ಅದರ ಬಾಯಿಯ ಸುತ್ತ ವಜ್ರದ ಕಣಗಳು. ಒಡೆಯುವುದಿಲ್ಲ, ಸವೆಸುತ್ತದೆ. ಹ್ಯಾಮರ್ ಆಫ್ ಇರಲೇಬೇಕು. ನೆಟ್ಟಗೆ ಇಟ್ಟರೆ ನುಣ್ಣನೆಯ ಕಲ್ಲಿನ ಮೇಲೆ ಜಾರಿ ಓಡುತ್ತದೆ. ಹಾಗಾಗಿ ಓರೆಯಾಗಿ ಹಿಡಿದು ಶುರು ಮಾಡಿ. ಚಂದ್ರನ ಗೆರೆಯಂಥ ಗುರುತು ಮೂಡಿದ ಮೇಲೆ, ತಿರುಗುತ್ತಿರುವಾಗಲೇ ನಿಧಾನಕ್ಕೆ ನೇರ ಮಾಡಿ. ನೀರು ನಿಲ್ಲಲಿ ಅಂತ ಸುತ್ತ ಹಿಟ್ಟಿನ ಕಟ್ಟೆ ಕಟ್ಟಿದ್ದೆ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ನೀರಿರುವುದರಿಂದ ವೈರ್ ಇಲ್ಲದ ಬ್ಯಾಟರಿ ಡ್ರಿಲ್ಲೇ ಬಳಸಿ. ಚಪ್ಪಡಿಯ ಆಚೆ ಬದಿ ಮುಟ್ಟುವಾಗ ಕೈ ಹಗುರ ಮಾಡಿದೆ, ಅಡಿಯಲ್ಲಿ ಮರದ ಹಲಗೆ ಇತ್ತು. ಹಿಂಬದಿ ಅಂಚು ಹೆಚ್ಚುಕಡಿಮೆ ಮುಂದಿನಷ್ಟೇ ನಯವಾಗಿ ಬಂತು.

ದಿಮ್ಮಿಯಲ್ಲಿ ಇದೇ ಬಿಟ್ ನಡುವೆ ಸುಮ್ನೆ ತಿರುಗತೊಡಗಿತು. ಬೆರಳಿಟ್ಟರೆ ಬಾಯಿ ಗಾಜಿನ ಹಾಗೆ ನುಣುಪು. ಹಾಳಾಯ್ತು ಅಂತ ಎಸೆಯಬೇಡಿ. ಒರಟು ಇಟ್ಟಿಗೆಯಲ್ಲಿ ನೀರು ಹಾಕಿ ನಾಲ್ಕೈದು ಸಲ ಕೊರೆದೆ. ಮೇಲಿನ ಲೋಹ ಸವೆದು ಹೊಸ ವಜ್ರದ ಕಣಗಳು ಹೊರಬಂದವು, ಮತ್ತೆ ಕಚ್ಚತೊಡಗಿತು. ಲೋಹದೊಳಗೆಲ್ಲ ವಜ್ರ ಬೆರೆಸಿ ಮಾಡಿದ ಬಿಟ್‌ಗೆ ಮಾತ್ರ ಈ ಸಾಣೆ ನಡೆಯುತ್ತದೆ. ಮೇಲೊಂದು ಪದರ ಲೇಪಿಸಿದ್ದಾದರೆ ಪದರ ಹೋದ ಮೇಲೆ ಮುಗಿಯಿತು.

ಹಾಗೆ ಕಚ್ಚಿದರೂ ಕೊಳವೆ ಎಷ್ಟುದ್ದವೋ ಅಷ್ಟೇ ಆಳ. ಅಲ್ಲಿಗೆ ನಿಲ್ಲಿಸಿ, ಒಳಗೆ ಉಳಿದ ಕಲ್ಲಿನ ಕಡ್ಡಿಯನ್ನು ಸ್ಕ್ರೂ ಡ್ರೈವರ್‌ನಿಂದ ಮೀಟಿ ಮುರಿದು ತೆಗೆದೆ. ದಿಮ್ಮಿಯ ಮಿಕ್ಕ ತೂತುಗಳಿಗೆಲ್ಲ ಎಸ್‌ಡಿಎಸ್ಸನ್ನೇ ಹಿಡಿದೆ.