ವಿಂಡಿ ಆ್ಯಪ್: ಕಲಬುರಗಿ ಮಳೆಗೆ ಕಾಕಿನಾಡದ ಮೇಲೆ ಬೆರಳಿಡಿ

ನಕ್ಷೆಯಲ್ಲಿ ಕಲಬುರಗಿ ಒತ್ತಿ, ಮೋಡದ ಚಿತ್ರ ನೋಡಿ ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆಯಲು ಹೊರಡುವವರಿಗೆ ಹವಾಮಾನದ ಆ್ಯಪ್ ವಿಂಡಿ ಅರ್ಧ ಉಪಯೋಗವೂ ಆಗದು. ಹಿಂಗಾರಿನ ಹೊತ್ತಿಗೆ ಇಲ್ಲಿಗೆ ದೊಡ್ಡ ಮಳೆ ತರುವುದು ಬಂಗಾಳಕೊಲ್ಲಿಯ ವಾಯುಭಾರ ಕುಸಿತ. 2020ರ ಅಕ್ಟೋಬರ್ 13ರಂದು ಆಂಧ್ರದ ಕಾಕಿನಾಡದ ಬಳಿ ದಡ ಹತ್ತಿದ ಕುಸಿತ ತೆಲಂಗಾಣ ದಾಟಿ ಇತ್ತ ಬಂತು. ಅದರ ಬೆನ್ನಿಗೇ ಭೀಮೆ ಉಕ್ಕಿದಳು.

ಹಾಗಾಗಿ ಕುಸಿತ ಕಡಲಲ್ಲಿರುವಾಗಲೇ ನೋಡಬೇಕು. ಒತ್ತಡದ ಪದರ ತೆರೆದು, ಹವಾಮಾನದ ಲೆಕ್ಕ ಹಾಕುವ ಮೂರು ಕಂಪ್ಯೂಟರ್ ಮಾದರಿಗಳನ್ನು, ಅಂದರೆ ಯುರೋಪಿನ ಇಸಿಎಂಡಬ್ಲ್ಯುಎಫ್ (ಭೂಮಿಯನ್ನು 9 ಕಿ.ಮೀ. ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ), ಅಮೆರಿಕದ ಜಿಎಫ್‌ಎಸ್, ಜರ್ಮನಿಯ ಐಕಾನ್ (ಎರಡೂ ಸುಮಾರು 13 ಕಿ.ಮೀ.) ಒಂದೊಂದಾಗಿ ಹಾಕಿ. ಮೂರೂ ಒಂದೇ ಕಡೆ ದಡ ಹತ್ತಿಸಿದರೆ ನಂಬಬಹುದು. ಒಂದು ಮಚಲೀಪಟ್ಟಣಕ್ಕೂ ಇನ್ನೊಂದು ವಿಶಾಖಪಟ್ಟಣಕ್ಕೂ ಎಳೆದರೆ ಕಲಬುರಗಿಯ ಮಿಲಿಮೀಟರ್ ಲೆಕ್ಕಕ್ಕೆ ಅರ್ಥವಿಲ್ಲ, ಮುಂದಿನ ಲೆಕ್ಕಕ್ಕೆ ಕಾಯಿರಿ.

ಲೆಕ್ಕ ತಪ್ಪುವುದು ಯಾಕೆಂದರೆ, ಕಡಲ ಮೇಲೆ ಹವೆ ಅಳೆಯುವ ಬಲೂನು ಹಾರಿಸುವ ಕೇಂದ್ರಗಳಿಲ್ಲ. ಉಪಗ್ರಹ, ತೇಲುಬೊಯೆ, ಹಡಗುಗಳ ಮಾಹಿತಿಯೇ ಗತಿ. ದಡದ ಚೌಕದಲ್ಲಿ ಅರ್ಧ ನೆಲ, ಅರ್ಧ ನೀರು ಬೆರೆತು ಕಡಲಗಾಳಿ ಮಸುಕಾಗುತ್ತದೆ. ಚೌಕ ಕಿರಿದಾದಷ್ಟೂ ದಡದ ಗೆರೆ ತಿಳಿಯಾಗುತ್ತದೆ. 2025ರ ಮೇನಲ್ಲಿ ಬಂದ ನಮ್ಮ ದೇಶದ ಹವಾಮಾನ ಮಾದರಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿ.ಮೀ. ಚೌಕಕ್ಕೆ ಇಳಿದಿದೆ. ಆದರೆ ಚೌಕ ಸಣ್ಣದಾದ ಮಾತ್ರಕ್ಕೆ ಸಾಲದು, ಕಡಲಿನ ಮಾಹಿತಿ ಕೂಡ ಹೆಚ್ಚಬೇಕು.

ಬೆಳಿಗ್ಗೆ 5:30ರ ಮಾಹಿತಿಯ ಮೇಲೆ ಓಡುವ ಯುರೋಪಿನ ಲೆಕ್ಕ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಆ್ಯಪ್ ತೆರೆದರೆ ಕಾಣುವುದು ಹಿಂದಿನ ಸಂಜೆಯ ಮಾಹಿತಿಯಿಂದ ಕಟ್ಟಿದ್ದು.

ಗಾಳಿಯ ವಿಷಯದಲ್ಲಿ ವಿಂಡಿ ಚೆನ್ನಾಗಿದೆ. ನಾಟ್‌ನಲ್ಲಿ ತೋರಿಸುತ್ತಿದ್ದರೆ ಅಳತೆಯ ಮೇಲೆ ಒತ್ತಿ ಕಿ.ಮೀ.ಗೆ ಬದಲಿಸಿಕೊಳ್ಳಿ, 5 ನಾಟ್ ಅಂದರೆ ಗಂಟೆಗೆ ಸುಮಾರು 9 ಕಿ.ಮೀ., ಅದಕ್ಕಿಂತ ಜೋರಾದರೆ ಎಣ್ಣೆ ಪಕ್ಕದ ಹೊಲದ ಪಾಲು. ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಇದನ್ನು ನಂಬಬೇಡಿ: ಯುರೋಪಿನ ಲೆಕ್ಕದಲ್ಲಿ 10 ಮಿ.ಮೀ. ಅಂದರೆ 9 ಕಿ.ಮೀ. ಚೌಕದ, ಅಂದರೆ 81 ಚದರ ಕಿ.ಮೀ.ನ ಸರಾಸರಿ. ಒಂದು ಹಳ್ಳಿಯ ಎರೆಹೊಲ ಕೆಸರಾದಾಗ ಪಕ್ಕದ ಹಳ್ಳಿಯಲ್ಲಿ ಧೂಳು ಏಳುತ್ತಿರುತ್ತದೆ.

ಕನ್ನಡದಲ್ಲಿ ಬೆಳೆಸಲಹೆ ಬೇಕಿದ್ದರೆ ಮೇಘದೂತ್ ಆ್ಯಪ್ ಇಟ್ಟುಕೊಳ್ಳಿ, ಜಿಲ್ಲಾ ಸಲಹೆ ಮಂಗಳವಾರ, ಶುಕ್ರವಾರ ಬದಲಾಗುತ್ತದೆ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್. ವಿಂಡಿಗೆ ದುಡ್ಡು ಕೊಟ್ಟರೆ ಗಂಟೆಗಂಟೆಯ ಲೆಕ್ಕ ಸಿಗುತ್ತದೆ. ತೊಗರಿಗೆ ಪುಕ್ಕಟೆ ಸಿಗುವ, ಮೂರು ಗಂಟೆಗೊಮ್ಮೆಯ ಲೆಕ್ಕವೇ ಸಾಕು.